ಬಿಳಿ ಮುಂಡಾಸಿಗೆ ಹಸಿರು ಹುಲ್ಲು

ತಿಝ್ಗಿ
ಫೆಬ್ರವರಿ 10, 1998

ಮೈದುನ ಝಾಯಿದನಿಗೆ ನಿನ್ನ ಭಾವ ಫಸ್ಕಾ ಗುಡ್ಡದ ಮೇಲಿನಿಂದ ಮಾಡುವ ಸಲಾಂ.

ನಾವೆಲ್ಲ ಕ್ಷೇಮ. ಈ ಸಲ ಹಿಮ ಬಾಗಿಲವರೆಗೆ ಬಂದು, ಒಳಗೆ ಕರೆಯಲಿಲ್ಲವೆಂದು ಮುನಿಸಿಕೊಂಡು ಹೋಯಿತು. ಹೆಣ್ಣುಕತ್ತೆ ಮರಿ ಹಾಕಿದೆ. ನಿನ್ನ ಅಕ್ಕ ತೂದಾ ಕ್ಷೇಮ. ಕಳೆದ ತಿಂಗಳು ನೀರಿಗೆ ಹೋದಾಗ ಕಣಿವೆಯ ದಾರಿಯಲ್ಲಿ ಹಿಮದ ಮೇಲೆ ಸ್ವಲ್ಪ ಕೂತಳು. ಆಮೇಲೆ ಎದ್ದಳು ಕೂಡ. ಈಗ ಬಿಂದಿಗೆ ಹೊತ್ತು ಬರುವಾಗ ಅಲ್ಲಲ್ಲಿ ಕೂತು ಬರುತ್ತಾಳೆ. ಬರೆಯುವಂಥ ಸುದ್ದಿಯಲ್ಲ.

ಬರೆಯುವಂಥ ಸುದ್ದಿ ಏನೆಂದರೆ, ಪಟ್ಟಣದ ಒಂದು ಸಂಸ್ಥೆಯವರು ನಮ್ಮೂರಿಗೆ ನಲ್ಲಿ ಹಾಕಿಸುತ್ತಾರಂತೆ. ಎದುರು ಗುಡ್ಡದ ಬುಗ್ಗೆಯಿಂದ ಕಣಿವೆ ದಾಟಿಸಿ ಕೊಳವೆ ತರುತ್ತಾರೆ. ಕೊಳವೆ ಅವರದು, ಅಗೆಯುವ ಕೈ ನಮ್ಮದು. ಆದರೆ ನಲ್ಲಿ ಒಂದೇ. ಮೂರು ಕೇರಿಗೆ ಒಂದು ನಲ್ಲಿ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಊರಿನ ಮುಖಂಡ, ಅಂದರೆ ಅಮ್ಘಾರ, ಬೆರಳು ತೋರಿಸಬೇಕು. ಈ ವರ್ಷದ ಅಮ್ಘಾರನ ಸರದಿ ನಮ್ಮ ಕೆಳಗಿನ ಕೇರಿಯದು.

ಕಾಸಾಬ್ಲಾಂಕಾದ ಗಾಳಿಗೆ ನಿನಗೆ ಊರ ಕಟ್ಟಳೆ ಮರೆತಿರಬಹುದು, ನೆನಪಿಸುತ್ತೇನೆ. ಸರದಿ ಬಂದ ಕೇರಿಯ ಗಂಡಸರು ಕಣದ ಆಚೆ ಬೆನ್ನು ತಿರುಗಿಸಿ ಕೂರಬೇಕು. ಉಳಿದೆರಡು ಕೇರಿಯವರು ಅವರಲ್ಲೊಬ್ಬನನ್ನು ಆರಿಸಿ ಮುಂಡಾಸಿಗೆ ಹಸಿರು ಹುಲ್ಲು ಸಿಕ್ಕಿಸಬೇಕು. ಅವನು ಮೂರು ಸಲ ಬೇಡವೆನ್ನಬೇಕು. ಹುಲ್ಲು ತಾನಾಗಿ ಉದುರುವವರೆಗೆ ಯಾರೂ ತೆಗೆಯುವಂತಿಲ್ಲ. ಮತ್ತು ಬೇಕು ಎನ್ನುವವನಿಗೆ ಎಂದೂ ಕೊಡುವಂತಿಲ್ಲ.

ನನಗಂತೂ ಬೇಕಿಲ್ಲ. ಅರವತ್ತು ದಾಟಿತು. ನಮ್ಮ ಕೇರಿಯ ಸರದಿ ಮತ್ತೆ ಬರುವ ಹೊತ್ತಿಗೆ ನಾನಿರುತ್ತೇನೋ, ನನ್ನ ಹಲ್ಲಿರುತ್ತದೋ, ಯಾರು ಬಲ್ಲರು. ಹಾಗೆಂದು ಬೇಕು ಅಂತಲ್ಲ. ನಲ್ಲಿ ಎಲ್ಲಿ ಬರಬೇಕೆಂಬುದರಲ್ಲೂ ನನಗೆ ಅಭಿಪ್ರಾಯವಿಲ್ಲ. ನಮ್ಮ ಬಾಗಿಲ ಮುಂದಿನ ಅಕ್ರೋಟು ಮರದ ನೆರಳು ತಂಪು, ನೀರಿಗೆ ನೆರಳು ಒಳ್ಳೆಯದು ಎಂದು ತಿಳಿದವರು ಹೇಳುತ್ತಾರೆ, ಅಷ್ಟೇ.

ಕೊಟ್ಟರೆ ಅಧಿಕಾರ ಕುತ್ತಿಗೆಗೆ ಭಾರ,
ಕೊಡದಿದ್ದರೆ ಊರಿಗೆ ಯಾರು ಆಧಾರ?

ಇನ್ನೊಂದು ಮಾತು. ಇದಕ್ಕೂ ಮೇಲಿನದಕ್ಕೂ ಸಂಬಂಧವಿಲ್ಲ. ಕಾಸಾದಲ್ಲಿ ಒಳ್ಳೆಯ ಬಿಳಿ ಬಟ್ಟೆ ಸಿಗುತ್ತದಂತೆ. ಒಂದು ಮುಂಡಾಸು ಕಳಿಸು. ಉದ್ದವಿರಲಿ. ಬಿಳಿಯೇ ಇರಲಿ. ಮದುವೆಗಳು ಬರುತ್ತವೆ.

ನಿನ್ನ ಭಾವ,
ಫಸ್ಕಾ


ಕಾಸಾಬ್ಲಾಂಕಾ
ಫೆಬ್ರವರಿ 27, 1998

ಭಾವನವರಿಗೆ, ಅಕ್ಕನಿಗೆ, ಹೊಸ ಕತ್ತೆಮರಿಗೂ ಸಲಾಂ.

ನಿಮ್ಮ ಪತ್ರ ಊರೂರು ತಿರುಗಿ ಮಾರುವ ಮಿಮೂನನ ಗಂಟಿನಿಂದ ಸಂತೆಗೆ, ಸಂತೆಯಿಂದ ಬಸ್ಸಿಗೆ ಹಾರಿ ಕೊನೆಗೆ ನನ್ನ ಅಂಗಡಿಯ ಆಲಿವ್ ಡಬ್ಬದ ಮೇಲೆ ಬಂದು ಕೂತಿತು. ಅಕ್ಕ ದಾರಿಯಲ್ಲಿ ಕೂತು ಬರುತ್ತಾಳೆಂದು ಓದಿ ಸಂತೋಷವಾಯಿತು. ನಾನು ಹುಟ್ಟಿದಾಗಿನಿಂದ ಅವಳು ಕೂತದ್ದನ್ನು ಕಂಡಿಲ್ಲ. ಈಗಲಾದರೂ ನಾಲ್ಕು ಮಾತಾಡಿಕೊಂಡು, ಗಾಳಿ ತೆಗೆದುಕೊಂಡು ಬರಲಿ.

ಭಾವ, ಬಿಳಿ ಮುಂಡಾಸು ಕಳಿಸುತ್ತಿದ್ದೇನೆ. ಬಿಳಿಯ ಮೇಲೆ ಹಸಿರು ಚೆನ್ನಾಗಿ ಕಾಣುತ್ತದೆ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆದರೆ ಒಂದು ಬುದ್ಧಿಮಾತು, ಕಿರಿಯವನದೆಂದು ಬೇಸರ ಬೇಡ. ಹಿಂದೊಂದು ಸಲ ನಮ್ಮ ಕೇರಿಯ ಸರದಿ ಬಂದಾಗ ನಾನೂ ಊರಲ್ಲಿದ್ದೆ. ನೀವು ಗಡ್ಡ ತಿದ್ದಿಸಿಕೊಂಡು ಮುಂದಿನ ಸಾಲಲ್ಲಿ ಕೂತಿದ್ದಿರಿ. ಬೆನ್ನು ತಿರುಗಿಸಿ ಕೂರಬೇಕಾದವರು ಕತ್ತು ತಿರುಗಿಸಿ ಕೂತಿದ್ದಿರಿ. ಊರ ಹಿರಿಯ ಅಸ್ಸೂ ತಾತ ಹುಲ್ಲು ಹಿಡಿದು ನಿಮ್ಮ ಹತ್ತಿರ ಬಂದಾಗ, ಇನ್ನೂ ಸಿಕ್ಕಿಸುವ ಮೊದಲೇ ನೀವು ಮೂರು 'ಬೇಡ'ಗಳನ್ನು ಪ್ರಾಸಬದ್ಧವಾಗಿ ಹೇಳಿಬಿಟ್ಟಿರಿ. ತಾತ "ಸರಿ, ಬೇಡ ಅಂದ್ರೆ ಬಿಡು" ಎಂದು, ನಿಮ್ಮ ಪಕ್ಕ ಗೊರಕೆ ಹೊಡೆಯುತ್ತಿದ್ದ ಮೊಹಾನ ಮುಂಡಾಸಿಗೆ ಸಿಕ್ಕಿಸಿ ಹೋದರು.

ಆದ್ದರಿಂದ ಈ ಸಲ ಗೊರಕೆ ಅಭ್ಯಾಸ ಮಾಡಿ.

ನಿಮ್ಮ ಪತ್ರವನ್ನು ನಾನೊಬ್ಬನೇ ಓದಿ ಜೋಪಾನವಾಗಿ ಇಟ್ಟಿದ್ದೇನೆ.

ನಿಮ್ಮ ಮೈದುನ,
ಝಾಯಿದ್


ತಿಝ್ಗಿ
ಮಾರ್ಚ್ 19, 1998

ಝಾಯಿದ್,

ಮುಂಡಾಸು ತಲುಪಿತು. ಪೆಟ್ಟಿಗೆಯಲ್ಲಿ ಬಾದಾಮಿ ಎಲೆಗಳ ನಡುವೆ ಮಲಗಿದೆ. ನಾನು ಅದನ್ನು ಸುತ್ತಿ ನೋಡಿಲ್ಲ. ನಾನು ಅದನ್ನು ಸುತ್ತಿಕೊಂಡು ಆಡಿನ ಕೊಟ್ಟಿಗೆಯಲ್ಲಿ ನೀರಿನ ಬಕೆಟ್ಟಿಗೆ ಬಗ್ಗಿ ನೋಡುತ್ತಿದ್ದೆನೆಂದು ಪಕ್ಕದ ಮನೆಯ ಇತ್ತೋ ಅಜ್ಜಿ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳಿಗೆ ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

ಸಂಸ್ಥೆಯಿಂದ ಗಿಝ್ಲಾನ್ ಎಂಬ ಮೇಡಂ ಬಂದಿದ್ದಳು. ನಮ್ಮ ಮಗಳ ವಯಸ್ಸು. ಒಳ್ಳೆಯ ಹುಡುಗಿ, ನಮ್ಮ ಬಾರ್ಲಿ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡರೂ ಚೆನ್ನಾಗಿದೆ ಎಂದಳು. ಮಸೀದಿಯ ಪಕ್ಕದ ಕೋಣೆಯಲ್ಲಿ ನಮಗೆಲ್ಲ ನಾಯಕತ್ವದ ತರಬೇತಿ. ಅವಳದು ಪಟ್ಟಣದ ಅರಬ್ಬಿ, ನಮ್ಮದು ಗುಡ್ಡದ ಮಾತು. ನಡುವೆ ದುಭಾಷಿ ಯಾರೆಂದುಕೊಂಡೆ? ನಮ್ಮ ಮಿಮೂನ್. ಅದೇ, ಬಾಚಣಿಗೆ, ಕನ್ನಡಿ, ಕಾಡಿಗೆ, ಜೊತೆಗೆ ನಮ್ಮ ಪತ್ರಗಳನ್ನೂ ಕತ್ತೆಯ ಮೇಲೆ ಹೇರಿಕೊಂಡು ಬರುವವನು.

ಮೊದಲು ಒಂದು ಆಟ ಆಡಿಸಿದಳು. ಒಬ್ಬ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದಿದ್ದವರು ಹಿಡಿಯಬೇಕು, ಅದರಿಂದ ನಂಬಿಕೆ ಬೆಳೆಯುತ್ತದಂತೆ. ಮೇಲಿನ ಕೇರಿಯ ಹುಸೈನ್ ಬಿದ್ದ. ಹಿಂದಿದ್ದದ್ದು ನಡುಕೇರಿಯವರು. ಇಬ್ಬರಿಗೂ ಗದ್ದೆಯ ಬದುವಿನ ಜಗಳ. ಹುಸೈನ್ ಈಗ ಎಡಮಗ್ಗುಲಲ್ಲಿ ಮಲಗುವುದಿಲ್ಲ.

ಆಮೇಲೆ ಕೇಳಿದಳು: "ನಿಮ್ಮಲ್ಲಿ ನಾಯಕರು ಯಾರು? ಕೈ ಎತ್ತಿ."

ಯಾರು ಎತ್ತುತ್ತಾರೆ? ಎಲ್ಲರೂ ಕೂರುವ ಮೊದಲೇ ತಟ್ಟೆಯ ನಡುವಿನ ಮಾಂಸಕ್ಕೆ ಕೈ ಹಾಕಿದ ಹಾಗಾಗುತ್ತದೆ. ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು.

"ಹೋಗ್ಲಿ, ನಾಯಕರಾಗೋ ಆಸೆ ಯಾರಿಗಿದೆ?"

ಇಡೀ ಕೋಣೆ ನನ್ನ ಕಡೆ ತಿರುಗಿತು. ನಾನು ಕಿಟಕಿಯಾಚೆ ಕಟ್ಟಿದ್ದ ಹೇಸರಗತ್ತೆಯನ್ನು ನೋಡಿದೆ. ಅದೂ ನನ್ನನ್ನೇ ನೋಡಿತು.

ಆಗ ಒಂದು ಕೈ ಎದ್ದಿತು. ಮಿಮೂನನದು. ಮೇಡಂ ಮುಖ ಅರಳಿತು. ಏನೋ ಕೇಳಿದಳು, ಅವನು ಅರಬ್ಬಿಯಲ್ಲಿ ಏನೋ ಹೇಳಿದ, ಅವಳು ಚಪ್ಪಾಳೆ ತಟ್ಟಿದಳು.

"ಏನಂದ್ಯೋ?" ಎಂದು ಅಸ್ಸೂ ತಾತ ಕೇಳಿದರು.

"ಊಟ ಯಾವಾಗ ಅಂತ ಕೇಳೋಕೆ ಕೈ ಎತ್ತಿದ್ದೆ ತಾತ. ನಿಮ್ಮ ಕನಸೇನು ಅಂತ ಕೇಳ್ತು ಆ ಮಗು. ಅಷ್ಟು ಖುಷಿಯಾಗಿರೋವಾಗ ಊಟ ಅನ್ನೋಕೆ ಮನಸ್ಸು ಬರ್ಲಿಲ್ಲ. ಊರಿನ ಏಳಿಗೆ ಅಂದೆ."

"ಯಾವೂರಿನದು?"

"ಅದು ಕೇಳ್ಲಿಲ್ಲ ಅವಳು."

ಹೀಗೆ, ಊರಿನವನೇ ಅಲ್ಲದವನು ಊರಿನ ನಾಯಕನಾಗಿ ಮೇಡಂ ಕೊಟ್ಟ ನೀಲಿ ಟೋಪಿ ಹಾಕಿಕೊಂಡು ಬಾಚಣಿಗೆ ಮಾರುತ್ತಿದ್ದಾನೆ. ಮೇಡಂ ಹೊರಡುವಾಗ ವಿಷಯ ತಿಳಿದು ಪೆಚ್ಚಾದಳು. ಮೇ ಮುಗಿಯುವುದರೊಳಗೆ ನಿಮ್ಮ ರೀತಿಯಲ್ಲೇ ಒಬ್ಬರನ್ನು ಆರಿಸಿ, ಇಲ್ಲದಿದ್ದರೆ ಕೊಳವೆ ಬೇರೆ ಊರಿಗೆ ಹೋಗುತ್ತದೆ ಎಂದು ಹೇಳಿಹೋದಳು.

ಕೈಯೆತ್ತಿದವನು ಬಾಚಣಿಗೆ ಮಾರುವವನು,
ಕೈಕಟ್ಟಿ ಕೂತವನು ಊರ ಕಾಯುವವನು.

ನಾನು ಕೈ ಕಟ್ಟಿಯೇ ಕೂತಿದ್ದೆ ಎಂಬುದನ್ನು ಗಮನಿಸು.

ಫಸ್ಕಾ


ಕಾಸಾಬ್ಲಾಂಕಾ
ಏಪ್ರಿಲ್ 2, 1998

ಭಾವನವರಿಗೆ ಸಲಾಂ.

ಮಿಮೂನನ ಕನಸು ಓದಿ ನಾವೆಲ್ಲ, ಅಂದರೆ ನಾನೊಬ್ಬನೇ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಈಗ ತಂತ್ರ ಕೇಳಿ. ಬೇಡ ಎಂದರೆ ಸಾಲದು, ಬೇರೆಯವನನ್ನು ಹೊಗಳಬೇಕು. ಹೋದಲ್ಲಿ ಬಂದಲ್ಲಿ "ನಮ್ಮ ಮೊಹಾನಂಥ ಅಮ್ಘಾರ ಇನ್ನೊಬ್ಬನಿಲ್ಲ, ಈ ಸಲವೂ ಅವನೇ ಆಗಲಿ" ಎನ್ನಿ. ನಿಮ್ಮ ಬಗ್ಗೆ ಕೇಳಿದರೆ ನಿಮಗೆ ಮರೆವು ಬಂದಿದೆ ಎನ್ನಿ. ಜನ ಮೊಹಾನನ್ನು ಅನುಮಾನಿಸುತ್ತಾರೆ, ನಿಮ್ಮನ್ನು ನಂಬುತ್ತಾರೆ. ಪ್ರಾಸ ಮಾತ್ರ ಬೇಡ. ಪ್ರಾಸ ಬಂತೆಂದರೆ ನಿಮಗೆ ಆಸೆ ಬಂದಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ.

ಒಂದು ಸಣ್ಣ ಬೇಸರ, ಹೇಳಿಬಿಡುತ್ತೇನೆ. ಈ ಅಧಿಕಾರದ ಹುಚ್ಚು ಈ ವಯಸ್ಸಿಗೆ ಏಕೆ ಭಾವ? ನಲ್ಲಿ ಎಲ್ಲಿ ಬಂದರೇನು, ಮನೆ ಬಾಗಿಲಿಗೇ ಬರಬೇಕೆನ್ನುವುದು ಸ್ವಲ್ಪ ದೊಡ್ಡಸ್ತಿಕೆಯಲ್ಲವೇ? ನಮ್ಮ ಅಕ್ಕನಿಗೆ ಬುಗ್ಗೆಯ ದಾರಿಯೆಂದರೆ ಪ್ರಾಣ. ಬೇಸಿಗೆಗೆ ಬಂದಾಗ ಅವಳ ಜೊತೆ ನಾನೂ ಬುಗ್ಗೆಯವರೆಗೆ ನಡೆದು ಬರುತ್ತೇನೆಂದು ಹೇಳಿ. ಓಡುವ ಪಂದ್ಯ ಕಟ್ಟೋಣ. ಚಿಕ್ಕಂದಿನಲ್ಲಿ ಅವಳೇ ಗೆಲ್ಲುತ್ತಿದ್ದಳು.

ಝಾಯಿದ್


ತಿಝ್ಗಿ
ಏಪ್ರಿಲ್ 15, 1998

ಝಾಯಿದನಿಗೆ,

ಈ ಪತ್ರದಲ್ಲಿ ಪ್ರಾಸವಿಲ್ಲ.

ನೀನು ಹೇಳಿದ ಹಾಗೆ ಮೊಹಾನನ್ನು ಹೊಗಳಿದೆ. ಗಿರಣಿಯ ಹತ್ತಿರ ಮೇಲಿನ ಕೇರಿಯವರೆಲ್ಲ ಇದ್ದರು. ಮಾತು ಮುಗಿಯುವ ಮೊದಲೇ ಹುಸೈನ್ ಕೇಳಿದ: "ಮರೆವಿನ ವಿಷಯ ಯಾವಾಗ ಹೇಳ್ತೀಯ ಫಸ್ಕಾ? ಅದನ್ನ ಮರೆತುಬಿಟ್ಯಾ?"

ಗಿರಣಿಯ ಕಲ್ಲು ನಿಂತಿತು, ನಗು ನಿಲ್ಲಲಿಲ್ಲ. ಇತ್ತೋ ಅಜ್ಜಿ ಹಿಟ್ಟಿನ ಚೀಲ ಕಟ್ಟುತ್ತ ಹೇಳಿದಳು: "ಬೆಕ್ಕು ಹಾಲು ಬೇಡ ಅನ್ನೋಕೆ ಮುಂಚೆ ಮೀಸೆ ಒರೆಸ್ಕೋಬೇಕು ಮಗ."

ಮನೆಗೆ ಬಂದು ಯೋಚಿಸಿದೆ. ಗೊರಕೆ ಅಭ್ಯಾಸ ಮಾಡು ಎಂದು ನೀನು ಬರೆದ ಮೇಲೆ ನಮ್ಮ ಮನೆ ದಾಟುವವರೆಲ್ಲ ಗೊರಕೆ ಹೊಡೆದುಕೊಂಡು ಹೋಗುತ್ತಿದ್ದರು. ಅಕ್ರೋಟು ಮರಕ್ಕೆ ಯಾರೋ ಹಳೆಯ ನಲ್ಲಿಯೊಂದನ್ನು ದಾರ ಕಟ್ಟಿ ತೂಗುಬಿಟ್ಟಿದ್ದರು. ಹುಡುಗರ ಆಟವೆಂದುಕೊಂಡಿದ್ದೆ. ನನ್ನ ಪತ್ರವನ್ನು ನೀನೊಬ್ಬನೇ ಓದುತ್ತೀಯ ಎಂದು ನಂಬಿದ್ದೆ. ಆ ಮೇಡಂ ಹೇಳಿಕೊಟ್ಟ ಆಟ ಇದೇ ಇರಬೇಕು, ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು.

ಅಮ್ಘಾರ ಯಾರಾದರೂ ಆಗಲಿ. ನಲ್ಲಿ ಎಲ್ಲಾದರೂ ನಿಲ್ಲಲಿ.

ಇದನ್ನೂ ಅಂಗಡಿಯಲ್ಲಿ ಓದು. ಗಟ್ಟಿಯಾಗಿ ಓದು, ಹಿಂದಿನ ಸಾಲಿನವರಿಗೂ ಕೇಳಲಿ.

ಫಸ್ಕಾ


ಕಾಸಾಬ್ಲಾಂಕಾ
ಏಪ್ರಿಲ್ 28, 1998

ಭಾವ,

ಕೊನೆಯ ಪತ್ರವನ್ನು ಯಾರಿಗೂ ಓದಲಿಲ್ಲ. ಅಂಗಡಿ ಬಾಗಿಲು ಹಾಕಿ ಸಾಬೂನಿನ ಪೆಟ್ಟಿಗೆಯ ಮೇಲೆ ಕೂತು ಓದಿದೆ.

ಹೌದು, ಓದುತ್ತಿದ್ದೆ. ಭಾನುವಾರ ಇಲ್ಲಿ ದುಡಿಯುವ ನಮ್ಮೂರಿನವರೆಲ್ಲ ನನ್ನ ಅಂಗಡಿಯಲ್ಲಿ ಸೇರುತ್ತಾರೆ. ಮೊದಲು ಕತ್ತೆಮರಿಯ ಸುದ್ದಿಯಷ್ಟೇ ಓದಿದೆ. "ಪ್ರಾಸ ಇಲ್ವೇನೋ?" ಎಂದು ಕೇಳಿದರು. ಪ್ರಾಸ ಓದಿದರೆ ಅದರ ಮೇಲಿನ ಸಾಲು ಕೇಳಿದರು. ಹೀಗೆ ಮೇಲೆ ಮೇಲೆ ಹೋಗಿ ಸಲಾಮಿನವರೆಗೆ ಓದಿಸಿದರು. ನಾನು ನಿಮಗೆ ಬರೆಯುವ ಉತ್ತರಕ್ಕೂ ಎಲ್ಲರೂ ಸೇರಿ ಸಲಹೆ ಕೊಟ್ಟರು. ಗೊರಕೆಯ ಉಪಾಯ ಮೇಲಿನ ಕೇರಿಯ ಲಹ್ಸೆನ್‌ನದು. ಅವನೇ ಊರಿಗೆಲ್ಲ ಬರೆದದ್ದು.

ಆದರೆ ಲಹ್ಸೆನ್‌ಗೆ ಅವನ ಹೆಂಡತಿಯಿಂದ ಬಂದ ಪತ್ರದಲ್ಲಿ ನನ್ನ ಅಕ್ಕನ ಮೊಣಕಾಲಿನ ಸುದ್ದಿ ಇತ್ತು. ಜನವರಿಯಲ್ಲಿ ಜಾರಿ ಬಿದ್ದಳು, ಈಗ ಬುಗ್ಗೆಗೆ ಹೋಗಿ ಬರಲು ಬೆಳಗಿನಿಂದ ಮಧ್ಯಾಹ್ನವಾಗುತ್ತದೆ ಎಂದು. ನೀವು 'ಸ್ವಲ್ಪ ಕೂತಳು' ಎಂದು ಬರೆದಿರಿ. ಅಂಗಡಿ ತುಂಬ ಜನಕ್ಕೆ ಅದನ್ನು ಓದಿ ಹೇಳಿದೆ. ನನಗೇ ಅರ್ಥವಾಗಲಿಲ್ಲ. ಓಡುವ ಪಂದ್ಯದ ಮಾತು ಬೇರೆ ಬರೆದೆ.

ಅಕ್ರೋಟು ಮರ ಏಕೆಂದು ಈಗ ತಿಳಿಯಿತು. ನಿಮ್ಮದು ದೊಡ್ಡಸ್ತಿಕೆ ಎಂದಿದ್ದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಅಕ್ಕ ಬರೆಯಬೇಡ ಎಂದಳೇ? ನನಗೆ ಗೊತ್ತು, ಅವಳೇ ಎಂದಿರುತ್ತಾಳೆ.

ಝಾಯಿದ್


ತಿಝ್ಗಿ
ಮೇ 18, 1998

ಮೈದುನನಿಗೆ ಸಲಾಂ. ಸಿಟ್ಟು ಇಳಿದಿದೆ.

ನಿನ್ನೆ ಕಣದಲ್ಲಿ ಊರಕೂಟ ನಡೆಯಿತು. ಹುಲ್ಲು ನನ್ನ ಮುಂಡಾಸಿನಲ್ಲೇ ನಿಂತಿತು. ನೀನು ಕಳಿಸಿದ ಬಿಳಿ ಮುಂಡಾಸಿನಲ್ಲಿ. ಅಸ್ಸೂ ತಾತ ತಮ್ಮ ಕೈಯಾರೆ, ಮೂರು ಕೇರಿಯವರ ಎದುರಿಗೆ ಸಿಕ್ಕಿಸಿದರು. ಬಿಳಿಯ ಮೇಲೆ ಹಸಿರು ಚೆನ್ನಾಗಿ ಕಾಣುತ್ತದೆ.

ನಿನ್ನ ಅಕ್ಕ ಅಲ್ಲೇ ಇದ್ದಳು. ಅವಳ ಕಾಲಿಗೆ ಮೂಳೆ ಕೂರಿಸುವವನನ್ನು ಕರೆಸಿದ್ದೇವೆ. ಬಾರ್ಲಿ ಕೊಯ್ಲಿನವರೆಗೆ ಅಲುಗಾಡಬಾರದಂತೆ.

ಇನ್ನು ಹೆಚ್ಚು ಬರೆಯಲು ಹೊತ್ತಿಲ್ಲ. ಕೆಲಸ ಬಹಳ.

ಫಸ್ಕಾ


ಕಾಸಾಬ್ಲಾಂಕಾ
ಜೂನ್ 5, 1998

ಭಾವನವರಿಗೆ, ಅಥವಾ ಯಾರಿಗೆ ಬರೆಯಬೇಕೋ ಅವರಿಗೆ, ಸಲಾಂ.

ನಿಮ್ಮ ಪತ್ರ ಬಂದ ದಿನ, ಕ್ಷಮಿಸಿ, ಇದೊಂದನ್ನು ಓದಲೇಬೇಕಾಯಿತು. ಅಂಗಡಿಯಲ್ಲಿದ್ದವರಿಗೆಲ್ಲ ಪುದೀನ ಚಹಾ ಮಾಡಿದೆ. ಗೋಪುರದಾಕಾರದ ಸಕ್ಕರೆ ಅಚ್ಚೊಂದನ್ನು ಇಡಿಯಾಗಿ ಒಡೆದೆ. ನಮ್ಮ ಭಾವ ಅಮ್ಘಾರನಾದ ಎಂದು ಎದೆ ಉಬ್ಬಿಸಿದೆ. ಲಹ್ಸೆನ್ ಒಬ್ಬನೇ ಚಹಾ ಕುಡಿಯದೆ ಮೀಸೆಯೊಳಗೆ ನಗುತ್ತ ಕೂತಿದ್ದ.

"ಏನೋ?" ಎಂದೆ.

"ನಿಮ್ಮ ಭಾವ ಸುಳ್ಳು ಬರೆದಿಲ್ಲ ಬಿಡು. ಹುಲ್ಲು ಮುಂಡಾಸಲ್ಲಿದೆ, ಖರೆ. ಮುಂಡಾಸು ಎಲ್ಲಿದೆ ಅಂತ ಬರೆದಿದಾನಾ?"

ನಾನು ಪತ್ರವನ್ನು ತಿರುಗಿಸಿ ನೋಡಿದೆ. ಬರೆದಿರಲಿಲ್ಲ.

"ನನ್ನ ಹೆಂಡತಿ ಬರೆದಿದಾಳೆ" ಎಂದ. ಅವನು ಓದಿದ ಸಾಲನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಚಹಾ ಕುಡಿಯುತ್ತಿದ್ದವರಲ್ಲಿ ಇಬ್ಬರಿಗೆ ನೆತ್ತಿಗೇರಿತು.

ಭಾವ, ಇನ್ನು ಮುಚ್ಚುಮರೆ ಸಾಕು. ನೀವು ಹತ್ತು ಸಾಲಿನಲ್ಲಿ ಮುಚ್ಚಿಟ್ಟದ್ದು ಲಹ್ಸೆನ್‌ನ ಹೆಂಡತಿಯಿಂದ ಹತ್ತೇ ದಿನದಲ್ಲಿ ಬರುತ್ತದೆ. ನಿಮ್ಮ ಬಾಯಿಂದಲೇ ಬರಲಿ. ಅಮ್ಘಾರ ಯಾರು? ನಲ್ಲಿ ಎಲ್ಲಿ? ಅಕ್ಕನ ಕಾಲು ಹೇಗಿದೆ? ಮೂರನೆಯದಕ್ಕೆ ಮೊದಲು ಉತ್ತರ ಕೊಡಿ.

ಝಾಯಿದ್


ತಿಝ್ಗಿ
ಜೂನ್ 28, 1998

ಮೈದುನ ಝಾಯಿದನಿಗೆ,

ಕಾಲು ಪರವಾಗಿಲ್ಲ. ಕಟ್ಟು ಬಿಚ್ಚಿದ್ದಾರೆ. ಕೋಲು ಹಿಡಿದು ಅಂಗಳ ದಾಟುತ್ತಾಳೆ. ಕೋಲು ಬಂದದ್ದರಿಂದ ನನಗೆ ಭಯ ಹೆಚ್ಚಾಗಿದೆ.

ಇನ್ನು ನಡೆದದ್ದು ಕೇಳು.

ಊರಕೂಟದ ಹಿಂದಿನ ದಿನ ತೂದಾ ಅದೇ ದಾರಿಯಲ್ಲಿ ಮತ್ತೆ ಬಿದ್ದಳು. ಹೆಂಗಸರು ಬೆನ್ನ ಮೇಲೆ ಹೊತ್ತು ತಂದರು. ಮೂಳೆ ಕೂರಿಸುವವನು ಬಂದು ಕಾಲು ನೀವಿ, "ಉದ್ದನೆ ಬಟ್ಟೆ ಬೇಕು, ಗಟ್ಟಿ ಇರಬೇಕು, ಚೊಕ್ಕಟ ಇರಬೇಕು" ಎಂದ. ಪೆಟ್ಟಿಗೆ ತೆಗೆದೆ. ಯೋಚನೆ ಮಾಡಲಿಲ್ಲ. ಮಾಡಿದ್ದರೆ ಹಳೆಯ ಜಮಖಾನೆ ಹರಿದು ಕೊಡುತ್ತಿದ್ದೆನೋ ಏನೋ. ಬಿಳಿ ಮುಂಡಾಸು ಮೊಣಕಾಲನ್ನು ಸುತ್ತಿ ಸುತ್ತಿ ಮುಗಿಯಿತು. ಉದ್ದವಿರಲಿ ಎಂದು ನಾನೇ ಬರೆದಿದ್ದೆನಲ್ಲ, ಸರಿಹೋಯಿತು.

ಮರುದಿನ ನಮ್ಮ ಕೇರಿಯ ಗಂಡಸರೆಲ್ಲ ಕಣದಾಚೆ ಬೆನ್ನು ತಿರುಗಿಸಿ ಕೂತರು. ಮನೆಯಲ್ಲಿ ನೀರಿಲ್ಲ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಬಿಂದಿಗೆಯನ್ನು ಹಗ್ಗದಲ್ಲಿ ಬೆನ್ನಿಗೆ ಕಟ್ಟಿಕೊಂಡು ನಾನೇ ಹೊರಟೆ. ನಮ್ಮೂರಿನಲ್ಲಿ ಗಂಡಸು ಬಿಂದಿಗೆ ಹೊತ್ತದ್ದನ್ನು ಯಾರೂ ನೋಡಿಲ್ಲ. ಬುಗ್ಗೆಯ ಹತ್ತಿರದ ಹೆಂಗಸರು ನನ್ನನ್ನು ಕಂಡವರೇ ಹಾಡು ಕಟ್ಟಿದರು:

ಬಂದಳು ನೋಡೇ ಗಡ್ಡದ ಸೊಸೆ,
ಬಿಂದಿಗೆ ಹೊರುವ ಹೊಸಾ ವರಸೆ.

ಪ್ರಾಸ ಚೆನ್ನಾಗಿತ್ತು. ಉಸಿರಿಲ್ಲದ್ದರಿಂದ ಉತ್ತರ ಕೊಡಲಿಲ್ಲ. ಝಾಯಿದ್, ಆ ದಾರಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಬರಿಗೈಯಲ್ಲಿ. ತುಂಬಿದ ಬಿಂದಿಗೆಯ ಕೆಳಗೆ ಅದು ಬೇರೆಯೇ ದಾರಿ. ಊರ ಬಾಯಿಯಲ್ಲಿ, ಮೂರು ಕೇರಿಯ ಓಣಿಗಳು ಕೂಡುವ ಕಡೆ ಒಂದು ಚಪ್ಪಟೆ ಕಲ್ಲಿದೆಯಲ್ಲ, ಅಲ್ಲಿಗೆ ಬರುವಾಗ ಮೊಣಕಾಲು ನನ್ನ ಅಪ್ಪಣೆ ಕೇಳದೆ ಮಡಚಿಕೊಂಡಿತು. ಕೂತೆ. ಆ ಹೊತ್ತಿನಲ್ಲಿ ಅಮ್ಘಾರನ ನೆನಪೇ ಬರಲಿಲ್ಲ.

ಕಣದಲ್ಲಿ ಅಸ್ಸೂ ತಾತ ಹುಲ್ಲು ಹಿಡಿದು ನಿಂತವರು ಮುಂದಿನ ಸಾಲು ನೋಡಿ, "ಫಸ್ಕಾ ಎಲ್ಲಿ?" ಎಂದರಂತೆ. ಬಂದಿಲ್ಲ ಎಂದರು. "ಅವನು ಬಂದಿಲ್ವಾ? ಇಷ್ಟು ವರ್ಷ ಮುಂದಿನ ಸಾಲಲ್ಲಿ ಕೂತೋನು ಇವತ್ತು ಬಂದಿಲ್ಲ ಅಂದ್ರೆ ಆಸೆ ಬಿಟ್ಟಿದೆ. ಅವನೇ ಆಗ್ಲಿ." ಮೆರವಣಿಗೆ ನಮ್ಮ ಮನೆಗೆ ಹೊರಟಿತು.

ನಾನು ಬೆವರು ಸುರಿಸುತ್ತ ಬಾಗಿಲಿಗೆ ಬರುವುದಕ್ಕೂ ಅವರು ಬರುವುದಕ್ಕೂ ಸರಿಹೋಯಿತು. "ಬೇಡ, ನೀರು ಚೆಲ್ಲುತ್ತೆ, ದಾರಿ ಬಿಡಿ" ಎಂದೆ. ನನ್ನ ಬದುಕಿನಲ್ಲಿ ಮೊದಲ ಬಾರಿ ನಿಜವಾಗಿ ಬೇಡವೆಂದದ್ದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಾತ ನನ್ನ ತಲೆ ತಡವಿದರು. ಬೋಳು. ಅವಸರದಲ್ಲಿ ಹಳೆಯ ಮುಂಡಾಸನ್ನೂ ಸುತ್ತದೆ ಹೊರಟಿದ್ದೆ.

"ಮುಂಡಾಸು ಎಲ್ಲೋ?"

"ಅದೋ ಅಲ್ಲಿ" ಎಂದಳು ಇತ್ತೋ ಅಜ್ಜಿ, "ಕಾಸಾದಿಂದ ಬಂದಿದ್ದು, ತೂದಾ ಮೊಣಕಾಲಲ್ಲಿ."

ತೂದಾ ಹೊಸ್ತಿಲಲ್ಲಿ ಕಾಲು ಚಾಚಿ ಬೇಳೆ ಆರಿಸುತ್ತಿದ್ದಳು. ಕಿತ್ತ ಹುಲ್ಲು ನೆಲಕ್ಕೆ ಬೀಳಬಾರದು, ಹಿಂದಕ್ಕೆ ಹೋಗಬಾರದು, ಮುಂಡಾಸಿಗೇ ಸೇರಬೇಕು. ತಾತ ಕಟ್ಟಳೆಯ ಮನುಷ್ಯ. ಬಗ್ಗಿದರು, ಮುಂಡಾಸನ್ನು ಕೈಯಲ್ಲೇ ಹುಡುಕಿದರು, ಸಿಕ್ಕಿಸಿದರು.

"ಏನಿದು, ತೆಗೀರಿ. ನಂಗೆ ಬೇಡ" ಎಂದಳು ತೂದಾ.

"ಒಂದು" ಎಂದರು ತಾತ.

"ಬೇಡ ಅಂದ್ನಲ್ಲ ತಾತ, ಬೇಳೆ ಆರಿಸೋದಿದೆ."

"ಎರಡು."

"ಬೇಡ ಅಂದ್ರೆ ಬೇಡ. ಕಿವಿಯಲ್ಲೇನು ಬಾರ್ಲಿ ಬೆಳೆದಿದ್ಯಾ?"

"ಮೂರು" ಎಂದು ತಾತ ಬೆನ್ನು ನೆಟ್ಟಗೆ ಮಾಡಿಕೊಂಡರು. "ನನ್ನ ಕಾಲದಲ್ಲಿ ಇಷ್ಟು ಖರೆಯಾಗಿ ಯಾರೂ ಬೇಡ ಅಂದಿಲ್ಲ."

ಗಲಾಟೆಯಾಯಿತು. ಮುಂಡಾಸು ಫಸ್ಕಾನದು, ಫಸ್ಕಾನೇ ಅಮ್ಘಾರ ಎಂದು ಮೊಹಾ ಹೇಳಿದ. ಮುಂಡಾಸು ಕೊಂಡವನು ಆಗುವುದಿದ್ದರೆ ಕಾಸಾದ ಝಾಯಿದನೇ ಆಗಬೇಕು ಎಂದ ಹುಸೈನ್. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ನನ್ನದು ಎನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಬೆನ್ನ ಮೇಲೆ ಬಿಂದಿಗೆ ಇನ್ನೂ ಇತ್ತು.

"ಕಟ್ಟಿಕೊಂಡವರದು" ಎಂದೆ.

ಇದನ್ನೇ ನಿನಗೆ ಬರೆಯಲಾಗಲಿಲ್ಲ. ನೀನು ನನ್ನ ದೊಡ್ಡಸ್ತಿಕೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಎಂದಿದ್ದೆಯಲ್ಲ, ಪೂರ್ತಿ ತೆಗೆದುಕೊಳ್ಳಬೇಡ. ಮೊಣಕಾಲಿನ ಪಾಲೂ ಇತ್ತು, ಮುಂಡಾಸಿನ ಪಾಲೂ ಇತ್ತು.

ಮೇಡಂ ಕೊಳವೆಗಳ ಜೊತೆ ಬಂದಳು. ನಾಯಕರು ಯಾರು ಎಂದಳು. ಊರೆಲ್ಲ ತೂದಾಳ ಮೊಣಕಾಲು ನೋಡಿತು. ಮಿಮೂನ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ದುಭಾಷಿಯಾದ.

"ನೀವು ಹೇಗೆ ಆಯ್ಕೆಯಾದಿರಿ?"

"ಬೇಡ ಅಂದೆ, ಕೊಟ್ರು."

"ಊರಿಗಾಗಿ ನಿಮ್ಮ ಕನಸೇನು?"

"ಕನಸಲ್ಲ ತಾಯಿ, ಒಂದು ಜಾಗ ಇದೆ. ಕತ್ತೆ ತರ್ಸು, ತೋರಿಸ್ತೀನಿ."

ಕತ್ತೆಯ ಮೇಲೆ ಕೂರಿಸಿದೆವು. ಅಕ್ರೋಟು ಮರದ ಕೆಳಗೆ ಬಂದಾಗ ನಾನು ಕೆಮ್ಮಿದೆ. "ಕೆಮ್ಮಿದ್ರೆ ಜೇನುತುಪ್ಪ ನೆಕ್ಕಿ" ಎಂದು ಮುಂದಕ್ಕೆ ಹೊಡೆಸಿದಳು. ನಿಂತದ್ದು ಊರ ಬಾಯಿಯ ಆ ಚಪ್ಪಟೆ ಕಲ್ಲಿನ ಹತ್ತಿರ.

"ಮೂರು ಕೇರಿ ಹೆಂಗಸರೂ ಕೂರೋದು ಇಲ್ಲೇ. ಇನ್ನಾಗಲ್ಲ ಅಂತ ಅನ್ನಿಸೋದೂ ಇಲ್ಲೇ. ಇನ್ನಾಗಲ್ಲ ಅನ್ನೋ ಕಡೆ ನೀರು ನಿಲ್ಲಲಿ."

"ಬಿಸಿಲು ಜಾಸ್ತಿ" ಎಂದೆ ನಾನು. "ನೀರಿಗೆ ನೆರಳು ಬೇಕು."

"ಬೇಕಾದ್ರೆ ನೀವು ನಿಂತ್ಕೊಳ್ಳಿ."

ಯಾವ ಕೇರಿಯವನೂ ಎದುರಾಡಲಿಲ್ಲ. ಅಮ್ಘಾರನ ಮನೆಗೆ ನೀರು ಹೋಗಿದ್ದರೆ ಜಗಳಕ್ಕೆ ನಿಲ್ಲಲು ಸಿದ್ಧರಾಗಿ ಬಂದವರು, ಗುದ್ದಲಿ ಹಿಡಿದು ಸುಮ್ಮನೆ ಅಗೆಯತೊಡಗಿದರು. ಹುಸೈನನೂ ನಡುಕೇರಿಯವರೂ ಒಂದೇ ಗುಂಡಿಯಲ್ಲಿಳಿದರು. ನಾನೊಂದು ದಿನ ಅಗೆತ ತಪ್ಪಿಸಿಕೊಂಡೆನೆಂದು ತೂದಾ ಎಲ್ಲರಿಗೂ ಚಹಾ ಕಾಯಿಸುವ ದಂಡ ಹಾಕಿದಳು. ಸ್ವಂತ ಗಂಡನಿಗೆ. ಊರೆಲ್ಲ ಖುಷಿಯಾಗಿ ಕುಡಿಯಿತು.

ಹೋದ ವಾರ ನೀರು ಬಂತು. ಮೊದಲು ಕೆಮ್ಮಿತು, ಉಗುಳಿತು, ಆಮೇಲೆ ಹರಿಯಿತು.

ಮೊನ್ನೆ ಕಟ್ಟು ಬಿಚ್ಚಿದರು. ಹುಲ್ಲು ಒಣಗಿ ನೇತಾಡುತ್ತಿತ್ತು. ಉದುರಿದರೆ ಅವಳ ಅವಧಿ ಮುಗಿಯುತ್ತದೆ, ಇನ್ನೊಬ್ಬರನ್ನು ನೋಡಬಹುದು ಎಂದು ನಾನು, ಕಟ್ಟಳೆಯ ದೃಷ್ಟಿಯಿಂದ ಮಾತ್ರ, ಹೇಳಿದೆ. ಇತ್ತೋ ಅಜ್ಜಿ ಸೂಜಿ ದಾರ ತಂದು ಹುಲ್ಲನ್ನು ಮುಂಡಾಸಿಗೆ ಹೊಲಿದುಬಿಟ್ಟಳು. ಕಣ್ಣು ಮಂಜಾದವಳು, ಒಂದು ಹೊಲಿಗೆಯೂ ತಪ್ಪಲಿಲ್ಲ. ಕಟ್ಟಳೆ ಉದುರಬೇಕು ಎನ್ನುತ್ತದೆ, ಹೊಲಿಯಬಾರದು ಎನ್ನುವುದಿಲ್ಲ ಎಂದು ಅಸ್ಸೂ ತಾತ ತೀರ್ಪು ಕೊಟ್ಟರು. ತೂದಾ ಮತ್ತೆ ಬೇಡವೆಂದಳು. ಈ ಸಲ ಒಂದೇ ಸಲ.

ತಲೆಗೆ ತರಿಸಿದ್ದು ಕಾಲಿಗೆ ಬಂತು,
ಕಾಲಿಗೆ ಬಂದದ್ದೇ ಊರಿಗೆ ನೀರು ತಂತು.

ಇದನ್ನು ಅಂಗಡಿಯಲ್ಲಿ ಓದು, ಅಮ್ಘಾರಳ ಅಪ್ಪಣೆಯಾಗಿದೆ. ನೀನು ಬೇಸಿಗೆಗೆ ಬಂದಾಗ ಓಟದ ಪಂದ್ಯ ನಲ್ಲಿಯವರೆಗೆ ಮಾತ್ರ, ಅವಳು ಕತ್ತೆಯ ಮೇಲೆ ಎಂದೂ ಹೇಳಿದ್ದಾಳೆ.

ಕಲ್ಲಿನಿಂದ ನಮ್ಮ ಮನೆಗೆ ಇನ್ನೂ ಸ್ವಲ್ಪ ಏರು ಇದೆ. ಅದು ಅವಳ ಕಾಲಿಗೆ ಆಗದು. ಬೆಳಿಗ್ಗೆ ಸಂಜೆ ನಾನೇ ತರುತ್ತೇನೆ. ಹೆಂಗಸರು ಈಗ ಹಾಡುವುದಿಲ್ಲ, ಸರದಿಯಲ್ಲಿ ಜಾಗ ಬಿಡುತ್ತಾರೆ.

ಆದ್ದರಿಂದ ಇನ್ನೊಂದು ಮುಂಡಾಸು ಕಳಿಸು. ಬಣ್ಣ ಯಾವುದಾದರೂ ಆದೀತು. ಬಿಂದಿಗೆಯ ಹಗ್ಗ ಹೆಗಲು ಕೊಯ್ಯುತ್ತದೆ.

ನಿನ್ನ ಭಾವ,
ಫಸ್ಕಾ